ಮೆಟ್ಟಿಲಿಲ್ಲದ ಗೋಪುರ

ದೆಹಲಿ ಮೆಟ್ರೋದ ನೇರಳೆ ಮಾರ್ಗದಲ್ಲಿ ಫರೀದಾಬಾದಿಗೆ ಹೋದರೆ ‘ಎಸ್ಕಾರ್ಟ್ಸ್ ಮುಜೇಸರ್’ ನಿಲ್ದಾಣ ಸಿಗುತ್ತದೆ. ಹೆಸರಿನ ಮೊದಲರ್ಧ ಟ್ರ್ಯಾಕ್ಟರ್ ಕಂಪನಿಯದು, ಉಳಿದರ್ಧ ಹಳೆಯ ಹಳ್ಳಿಯದು. ಆ ಮುಜೇಸರದಲ್ಲಿ ಸುಮಾರು 30 ಅಡಿ ಎತ್ತರದ ಗೋಪುರವೊಂದಿದೆ. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಹತ್ತಲು ಮೆಟ್ಟಿಲೂ ಇಲ್ಲ. ಒಳಗೆಲ್ಲ ಗಟ್ಟಿ ಗಾರೆ ಕೆಲಸ.

ಇದು ಕೋಸ್ ಮಿನಾರ್, ಮೊಘಲರ ಮೈಲಿಗಲ್ಲು.

‘ಕೋಸ್’ ಹುಟ್ಟಿದ್ದು ಸಂಸ್ಕೃತದ ‘ಕ್ರೋಶ’ದಿಂದ, ಕ್ರೋಶವೆಂದರೆ ಕೂಗು. ನಾವು ‘ಕೂಗಳತೆ ದೂರ’ ಎನ್ನುವುದಿಲ್ಲವೆ, ಹಾಗೆ. ಆದರೆ ಎಲ್ಲರ ಗಂಟಲೂ ಒಂದೇ ಅಲ್ಲ. ಸೀಮೆಗೊಂದು ಕೋಸ್ ಚಾಲ್ತಿಯಲ್ಲಿತ್ತು. ಅಕ್ಬರ್ ಅದನ್ನು 5000 ಗಜಕ್ಕೆ ಕಟ್ಟಿಹಾಕಿದ. ಆಗ್ರಾ–ಅಜ್ಮೀರ್ ದಾರಿಯಲ್ಲಿ ಕೋಸಿಗೊಂದು ಮಿನಾರ್ ನಿಲ್ಲಿಸಿ, ಜಿಂಕೆ ಕೊಂಬುಗಳಿಂದ ಸಿಂಗರಿಸಿದ. ಮಗ ಜಹಾಂಗೀರ್ 1619ರಲ್ಲಿ ಆಗ್ರಾ–ಲಾಹೋರ್ ಹೆದ್ದಾರಿಗೂ ಅದೇ ಏರ್ಪಾಡು ಮಾಡಿಸಿದ. ಇದೇ ದಾರಿಯ ಕಾವಲಿಗೆಂದು ಅವನ ಖಜಾಂಚಿ ಶೇಖ್ ಫರೀದ್ 1607ರಲ್ಲಿ ಕಟ್ಟಿಸಿದ ಊರೇ ಫರೀದಾಬಾದ್.

ಮಿನಾರಿನ ಕೆಳಭಾಗ ಎಂಟು ಮೂಲೆಯದು. ನಡುವೆ ಒಂದು ಅಂಚುಪಟ್ಟಿ. ಅದರ ಮೇಲೆ ದುಂಡಗೆ, ತುದಿಯತ್ತ ಸಣ್ಣದಾಗುತ್ತ ಹೋಗುವ ಕಂಬ. ಭಾರವೆಲ್ಲ ತಳದಲ್ಲೇ ಕೂರುವುದರಿಂದ ಅದು ಸುಲಭಕ್ಕೆ ವಾಲುವುದಿಲ್ಲ. ಇಟ್ಟಿಗೆಗಳನ್ನು ಹಿಡಿದಿರುವುದು ಸುಣ್ಣದ ಗಾರೆ. ಅರಳಿಸಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ದಪ್ಪ ಕಟ್ಟಡದಲ್ಲಿ ಇದಕ್ಕೆ ವರ್ಷಗಟ್ಟಲೆ ಬೇಕು. ಸಿಮೆಂಟಿನಷ್ಟು ಬಿರುಸಲ್ಲದ ಈ ಗಾರೆ ಉತ್ತರದ ಬೇಸಿಗೆ–ಚಳಿಗಳಿಗೆ ಇಟ್ಟಿಗೆ ಹಿಗ್ಗಿ ಕುಗ್ಗಿದರೂ ಕೊಂಚ ಹೊಂದಿಕೊಳ್ಳುತ್ತದೆ.

ವಿಜಯಪುರದ ಉಪ್ಪಲಿ ಬುರುಜನ್ನು ನೋಡಿದವರಿಗೆ ವ್ಯತ್ಯಾಸ ತಟ್ಟನೆ ಹೊಳೆದೀತು. ಸುಮಾರು 1584ರ ಆ ಬುರುಜಿನ ಹೊರಮೈಯನ್ನು ಸುತ್ತಿ ಮೆಟ್ಟಿಲುಗಳಿವೆ, ನೆತ್ತಿಯಲ್ಲಿ ಫಿರಂಗಿಗಳಿವೆ. ಅದು ಹತ್ತಿ ದೂರ ನೋಡಲು ಕಟ್ಟಿದ್ದು. ಮಿನಾರ್ ದೂರದಿಂದ ಕಾಣಲೆಂದೇ ಕಟ್ಟಿದ್ದು.

ಹರಿಯಾಣದಲ್ಲಿ ಇಂಥ 49 ಮಿನಾರುಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಕೆಲವು ಗದ್ದೆಯ ನಡುವೆ, ಕೆಲವು ಮನೆಗಳ ಸಂದಿಯಲ್ಲಿ. ದೆಹಲಿಯದೊಂದು ಮೃಗಾಲಯದ ಆವರಣದಲ್ಲಿದೆ. 19ನೇ ಶತಮಾನದಲ್ಲಿ ಇವುಗಳ ನಡುವಿನ ಅಂತರ ಅಳೆದಾಗ ಸರಾಸರಿ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು ಬಂತು. ಅಕ್ಬರನ ಗಜವನ್ನು 33 ಅಂಗುಲವೆಂದು ಹಿಡಿದರೆ 5000 ಗಜಕ್ಕೆ ಸುಮಾರು 4.2 ಕಿಲೋಮೀಟರ್, ಎರಡು ಲೆಕ್ಕವೂ ತಾಳೆಯಾಗುತ್ತವೆ. ಹಾಗಾಗಿ ಉಳಿದಿರುವ ಒಂದು ಮಿನಾರಿನಿಂದ ಹಳೆಯ ದಾರಿಗುಂಟ ಅಷ್ಟೇ ದೂರ ಅಳೆದುಕೊಂಡು ಹೋದರೆ, ಬಿದ್ದುಹೋದ ಮುಂದಿನದು ಎಲ್ಲಿತ್ತೆಂದು ಇಂದಿಗೂ ಗುರುತು ಹಾಕಬಹುದು.