ಸುಳ್ಳು ಕೋವಿಯ ನಿಜವಾದ ಸವೆತ

ಹೊಸದನ್ನು ಹಳತೆಂದು ತೋರಿಸುವುದೂ ಒಂದು ವಿದ್ಯೆ. ನಾಟಕ, ಚಲನಚಿತ್ರಗಳಿಗಾಗಿ ಕೃತಕ ಕೋವಿಗಳನ್ನು ಸಿದ್ಧಪಡಿಸುವವರಿಗೆ ಇದು ನಿತ್ಯದ ಕೆಲಸ. ಕಾರ್ಖಾನೆಯಿಂದ ಬಂದ ಪ್ರತಿಕೃತಿಯ ಮೈತುಂಬ ಒಂದೇ ಸಮನಾದ ಕಪ್ಪು ಬಣ್ಣ. ಮಳೆ ಕಾಣದ, ಬೆವರು ತಾಗದ ಆ ಮೈಯನ್ನು ನೋಡಿದೊಡನೆ ಇದು ಆಟಿಕೆಯೆಂದು ಕಣ್ಣು ಹೇಳಿಬಿಡುತ್ತದೆ.

ಬಣ್ಣ ಕಳೆಯುವುದೆಂದರೆ ಕಂಡಕಂಡಲ್ಲಿ ಕೆರೆಯುವುದಲ್ಲ. ಸವೆತಕ್ಕೂ ಒಂದು ನ್ಯಾಯವಿದೆ. ಚರ್ಮದ ಒರೆಯೊಳಗೆ ಹೋಗಿಬರುವ ನಳಿಗೆಯ ತುದಿ, ಬೆರಳು ಎಳೆಯುವ ಕುದುರೆ, ಹೊರಚಾಚಿದ ಅಂಚುಗಳು ಮೊದಲು ಬೆಳ್ಳಗಾಗುತ್ತವೆ. ಸಂದುಗಳಲ್ಲಿ ಕಪ್ಪು ಉಳಿದು ಕೊಳೆ ಸೇರುತ್ತದೆ. ಆದ್ದರಿಂದ ನುರಿತ ಕೆಲಸಗಾರನು ಬೆಳ್ಳಿಬಣ್ಣದ ಮೇಲೆ ಕಪ್ಪನ್ನು ಹಚ್ಚಿ, ಅಂಚುಗಳಲ್ಲಿ ಮಾತ್ರ ಹದವಾಗಿ ಉಜ್ಜಿ, ಒಳಗಿನ ಬಿಳುಪನ್ನು ಹೊರತರುತ್ತಾನೆ. ಅವನು ಬರೆಯುವುದು ಲೋಹದ ಚಿತ್ರವನ್ನಲ್ಲ, ಆ ಲೋಹವನ್ನು ಹಿಡಿದಿದ್ದ ಕೈಯ ಚರಿತ್ರೆಯನ್ನು.

ಇಲ್ಲೊಂದು ಸ್ವಾರಸ್ಯವುಂಟು. ನಿಜವಾದ ಕೋವಿಯ ನೀಲಿಗಪ್ಪು ಮೇಲೆ ಬಳಿದ ಬಣ್ಣವಲ್ಲ. ಅದು ಕಬ್ಬಿಣದ್ದೇ ಆಕ್ಸೈಡು. ಹಿಂದಿನ ಕುಶಲಿಗರು ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಉಜ್ಜಿ, ಮತ್ತೆ ಮತ್ತೆ ಹಾಗೆಯೇ ಮಾಡಿ ಆ ಮೆರುಗನ್ನು ಪಡೆಯುತ್ತಿದ್ದರು. ಹತೋಟಿಯಲ್ಲಿಟ್ಟ ತುಕ್ಕು ಕಬ್ಬಿಣಕ್ಕೆ ಕವಚವಾಗುತ್ತಿತ್ತು. ಅನೇಕ ಪ್ರತಿಕೃತಿಗಳಾದರೋ ಸತುವಿನ ಮಿಶ್ರಲೋಹದ ಎರಕ. ಸತುವಿಗೆ ಕೆಂಪು ತುಕ್ಕು ಬಾರದು. ಬಣ್ಣ ಹೋದರೆ ಅದು ಬೂದಿಯಂತೆ ಮಂಕಾಗುತ್ತದೆ. ಹೀಗಾಗಿ ಅದರ ಮುಪ್ಪನ್ನೂ ಕುಂಚದಿಂದಲೇ ಬರೆಯಬೇಕು.

ಈ ಕುಶಲತೆ ಎಲ್ಲಿಯವರೆಗೆ ಸಲ್ಲುತ್ತದೆ? ಜಪಾನಿನಲ್ಲಿ 1971ರ ಕಾನೂನು ಲೋಹದ ಮಾದರಿ ಪಿಸ್ತೂಲುಗಳ ನಳಿಗೆಯನ್ನು ಮುಚ್ಚಿಸಿ, ಅವಕ್ಕೆ ಬಿಳಿ ಅಥವಾ ಹಳದಿ ಬಣ್ಣವನ್ನು ವಿಧಿಸಿತು. ಅಮೆರಿಕದ 1988ರ ಕಾನೂನು ಆಟಿಕೆ ಕೋವಿಯ ಬಾಯಿಗೆ ಕಿತ್ತಳೆ ಬಣ್ಣದ ಗುರುತನ್ನು ಕಡ್ಡಾಯ ಮಾಡಿತು. ನಾಟಕ, ಚಲನಚಿತ್ರಗಳಿಗೆ ಮಾತ್ರ ವಿನಾಯಿತಿಯ ಅವಕಾಶವಿಟ್ಟಿತು. ಈ ಗುರುತಿನ ಬೆಲೆ 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ತಿಳಿಯಿತು. ಅಲ್ಲಿನ ಉದ್ಯಾನವೊಂದರಲ್ಲಿ 12 ವರ್ಷದ ಬಾಲಕನ ಬಳಿಯಿದ್ದ ಆಟಿಕೆ ಪಿಸ್ತೂಲಿನಲ್ಲಿ ಕಿತ್ತಳೆ ತುದಿಯಿರಲಿಲ್ಲ. ಸ್ಥಳಕ್ಕೆ ಬಂದ ಪೊಲೀಸನು ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿದನು. ಬಾಲಕ ಮರುದಿನ ಅಸುನೀಗಿದನು. ಆ ಸಾವಿನ ಹೊಣೆಯನ್ನು ಬಣ್ಣದ ತಲೆಗೆ ಕಟ್ಟಲಾಗದು. ಆದರೆ ಇಲ್ಲದ ಗುರುತು ಮಾತನಾಡಲಾರದೆಂಬುದೂ ಅಷ್ಟೇ ನಿಜ.

ರಂಗಭೂಮಿಯಲ್ಲಿ ಪ್ರೇಕ್ಷಕನು ಮೋಸಹೋಗುವುದಿಲ್ಲ. ತಾನಾಗಿಯೇ ಒಪ್ಪಿ ನಂಬುತ್ತಾನೆ. ಬೀದಿಯಲ್ಲಿ ಎದುರಾಗುವವನಿಂದ ಅಂಥ ಒಪ್ಪಿಗೆಯನ್ನು ಯಾರೂ ಪಡೆದಿರುವುದಿಲ್ಲ. ಕಲೆಗೂ ವಂಚನೆಗೂ ನಡುವಣ ಗೆರೆ ಇದೇ ಎಂದು ನಾನು ತಿಳಿಯುತ್ತೇನೆ. ಕೆಲಸಗಾರನ ಕೈ ಕಬ್ಬಿಣದ ಮುಪ್ಪನ್ನು ಎಷ್ಟು ಚೆನ್ನಾಗಿಯಾದರೂ ಬರೆಯಲಿ. ಅಪರಿಚಿತನಿಗೆ 'ಇದು ಆಟ' ಎಂದು ಹೇಳುವ ಆ ಒಂದು ಬೆರಳಗಲದ ಬಣ್ಣವನ್ನು ಮಾತ್ರ ಬೀದಿಗೆ ಹೋಗುವ ಕೋವಿಯಿಂದ ಅಳಿಸದಿರಲಿ.