ತೆಂಗಿನಕಾಯಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ: ಕನ್ನಡ ನಾಮಸಮಾಸಗಳ ಧ್ವನಿರೂಪವನ್ನು ಕುರಿತು

ಸ್ವೀಡಿಷ್ ಭಾಷೆಯಲ್ಲಿ ದೀರ್ಘ ನಾಮಸಮಾಸವನ್ನು ಕಿವಿಯೇ ಗುರುತಿಸುತ್ತದೆ. ತೆಂಗಿನಕಾಯಿಗೆ ಅಲ್ಲಿರುವ ‘ಕೂಕೊಸ್‌ನೋಟ್’ ಎಂಬ ಪದದಲ್ಲಿ ಪೂರ್ವಪದದ ಮೇಲೆ ಪ್ರಧಾನ ಒತ್ತು, ಉತ್ತರಪದದ ಮೇಲೆ ಉಪ ಒತ್ತು ಬೀಳುತ್ತದೆ. ಮೂರು ಘಟಕಗಳ ‘ಫೂಟ್‌ಬೊಲ್ಸ್‌ಲಾಗ್’ (ಕಾಲ್ಚೆಂಡಿನ ತಂಡ) ಪದದಲ್ಲಿ ನಡುವಣ ಸಕಾರವು ಮೊದಲೆರಡು ಘಟಕಗಳು ಮುಂಚೆಯೇ ಕೂಡಿವೆಯೆಂದು ಸೂಚಿಸುತ್ತದೆ. ಅರ್ಥಭೇದಕವಾದ ಒತ್ತಿಲ್ಲದ ಕನ್ನಡದಲ್ಲಿ ಈ ಕೆಲಸ ಮಾಡುವುದು ಯಾವುದು?

ಸಾಂಪ್ರದಾಯಿಕ ಉತ್ತರ ಆದೇಶಸಂಧಿ. ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಬರುವುದನ್ನು 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೇ ವಿಧಿಸಿದೆ: ಮಳೆಗಾಲ, ಹಳಗನ್ನಡ, ಎಳೆಗಾಯಿ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ದಿನವೂ ಕೇಳುವ ‘ತೆಂಗಿನಕಾಯಿ’ ಎಂದೂ ‘ತೆಂಗಿನಗಾಯಿ’ ಆಗದು. ನೊಣವಿನಕೆರೆಯೂ ಹಾಗೆಯೇ. ಇವುಗಳಲ್ಲಿ ಷಷ್ಠಿಯ ‘-ಇನ’ ಉಳಿದಿದೆ. ಅದು ಉಳಿದಲ್ಲಿ ಘೋಷೀಕರಣ ನಿಲ್ಲುತ್ತದೆಂಬುದು ನಮ್ಮ ವಾದ. ‘ಬೆಟ್ಟದಾವರೆ’ ಮತ್ತು ‘ಬೆಟ್ಟದ ತಾವರೆ’ ಎಂಬ ಜೋಡಿಯನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ತುರುವೇಕೆರೆಯಲ್ಲಿ ಷಷ್ಠಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಆಡುಮಾತಿನಲ್ಲಿ ‘ಮನೆಯ ಬಾಗಿಲು’ ಎಂಬುದು ‘ಮನೇಬಾಗ್ಲು’ ಆಗುತ್ತದೆ, ‘ಬದನೆಯ ಕಾಯಿ’ ‘ಬದನೇಕಾಯಿ’ ಆಗುತ್ತದೆ. ಇಲ್ಲಿಯ ದೀರ್ಘ ಏಕಾರವೇ ಸಂಕುಚಿತ ಷಷ್ಠಿ. ತುರುವೇಕೆರೆಯ ಏಕಾರವನ್ನೂ ಹೀಗೆ ಗ್ರಹಿಸಿದರೆ ಅಲ್ಲಿ ‘ಗೆರೆ’ ಬಾರದಿರುವುದು ಅಪವಾದವೆನಿಸದು. ಹೊನ್ನವಳ್ಳಿ ಮಾತ್ರ ತೊಡಕಿನದು. ಉತ್ತರಪದ ಪಳ್ಳಿಯಾಗಲಿ ಬಳ್ಳಿಯಾಗಲಿ, ‘ಹೊನ್ನ’ ಎಂಬುದು ಷಷ್ಠೀರೂಪವೂ ಆಗಬಲ್ಲದು. ಆದರೂ ವಕಾರ ಬಂದಿದೆ. ಆದ್ದರಿಂದ ತಡೆಯಿರುವುದು ವಿಭಕ್ತಿಯ ಅರ್ಥದಲ್ಲಲ್ಲ, ‘-ಇನ’ ಅಥವಾ ದೀರ್ಘಸ್ವರದಂತಹ ಭಾರವುಳ್ಳ ರೂಪದಲ್ಲಿ ಎನ್ನಬೇಕಾಗುತ್ತದೆ. ‘ಉಂಡೆಕೊಬ್ಬರಿ’ಯಲ್ಲಿ ಷಷ್ಠಿಯೂ ಇಲ್ಲ, ಆದೇಶವೂ ಇಲ್ಲ, ಹೊಸ ಸಮಾಸಗಳಲ್ಲಿ ಆದೇಶವು ಕಡ್ಡಾಯವಾಗಿ ಉಳಿದಿಲ್ಲ.

ಹಾಗಾದರೆ ತೆಂಗಿನಕಾಯಿ ಒಂದು ಪದವೋ ಪದಪುಂಜವೋ? ‘ತೋಟದ ಒಳ್ಳೆಯ ಕಾಯಿ’ ಎನ್ನಬಹುದು. ‘ತೆಂಗಿನ ಒಳ್ಳೆಯ ಕಾಯಿ’ ಎಂದು ಯಾರೂ ಅನ್ನರು, ವಿಶೇಷಣವು ಇಡೀ ಪದದ ಮುಂದೆಯೇ ಬರಬೇಕು. ಆದೇಶವನ್ನೇ ಸಮಾಸದ ಲಕ್ಷಣವೆಂದು ಹಿಡಿದರೆ ಮಾವಿನಕಾಯಿ, ಮೆಣಸಿನಕಾಯಿ, ಉಪ್ಪಿನಕಾಯಿಗಳ ಈ ಸಮೃದ್ಧ ವರ್ಗವೇ ಹೊರಗುಳಿಯುತ್ತದೆ. ನಿಘಂಟುಕಾರರು ಇವನ್ನು ಬಿಡಿಸಿ ಬರೆಯುವುದಕ್ಕೆ ಆಧಾರವಿಲ್ಲ.

ಅಕ್ಷರಲೋಪ ಹೇಳುವ ಸಂಗತಿ ಬೇರೆ. ಎಂಟು ಉಚ್ಚಾರಾಂಶಗಳ ‘ಚಿಕ್ಕನಾಯಕನಹಳ್ಳಿ’ ಮಾತಿನಲ್ಲಿ ಐದರ ‘ಚಿಕ್ನಾಯ್ಕನಳ್ಳಿ’ಯಾಗುತ್ತದೆ. ಲೋಪವಾಗುವ ಸ್ವರಗಳು ಘಟಕಗಳ ಒಳಗಿನವು. ‘ಚಿಕ್’, ‘ನಾ’ ಎಂಬ ಆದ್ಯಕ್ಷರಗಳು ಕದಲುವುದಿಲ್ಲ. ‘ತಿಪ್ಟೂರು’ ಕೂಡ ಈ ಮಾದರಿಯದೇ. ಸ್ವೀಡಿಷ್ ಒತ್ತು ತೋರಿಸುವ ಘಟಕದ ಗಡಿಯನ್ನು ಇಲ್ಲಿ ಉಳಿದ ಸ್ವರ ತೋರಿಸುತ್ತದೆ. ಹಳ್ಳಿಯಲ್ಲಿ ಮಾತ್ರ ಹಕಾರ ಬಿದ್ದು ‘ನ’ ಮತ್ತು ‘ಹಳ್’ ಒಂದೇ ಉಚ್ಚಾರಾಂಶವಾಗಿ ಬೆಸೆದುಕೊಂಡಿವೆ. ಈ ಉತ್ತರಪದವು ಪ್ರತ್ಯಯವಾಗುವ ಹಾದಿಯಲ್ಲಿದೆ.