ಕಾಸಿಗೆ ತಕ್ಕ ಕಜ್ಜಾಯ: ಅಗ್ಗದ ವಿದ್ಯುತ್ ಉಪಕರಣಗಳ ಅಪಾಯ

ಪುಣೆಯಲ್ಲಿ ಡಿಸೆಂಬರ್ ಚಳಿ ಕಾಲಿಟ್ಟಿತೆಂದರೆ ಬಿಸಿನೀರಿನ ಚಿಂತೆ ಮೊದಲಾಗುತ್ತದೆ. ಧಾರವಾಡ, ವಿಜಯಪುರ, ಕಲಬುರ್ಗಿಗಳಿಂದ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಬಂದು ಬಾಡಿಗೆ ಕೋಣೆಯಲ್ಲಿ ನೆಲೆಸಿದ ಎಷ್ಟೋ ತರುಣರಿಗೆ ಗೀಸರಿನ ಅನುಕೂಲವಿರುವುದಿಲ್ಲ. ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ರಾಡೇ ಅವರಿಗೆ ಆಧಾರ. ಬುಧವಾರ ಪೇಟೆಯ ತಾಪಕೀರ್ ಗಲ್ಲಿ ವಿದ್ಯುತ್ ಸಾಮಾನುಗಳಿಗೆ ಹೆಸರಾದ ಜಾಗ. ಪ್ರಮಾಣಿತ ವಸ್ತುಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಅಷ್ಟು ದೂರ ಹೋಗುವ ವ್ಯವಧಾನವಿಲ್ಲದೆ, ಓಣಿಯ ತಿರುವಿನ ರಿಯಾಯಿತಿ ಅಂಗಡಿಯಲ್ಲೋ ವಾರದ ಸಂತೆಯ ರಾಶಿಯಲ್ಲೋ ಅರ್ಧ ಬೆಲೆಗೆ ದೊರೆತ ಹೆಸರಿಲ್ಲದ ರಾಡನ್ನು ಕೊಂಡು ತರುವವರುಂಟು. ಉಳಿದ ಹಣ ಕಣ್ಣಿಗೆ ಕಾಣುತ್ತದೆ. ಬಂದ ಅಪಾಯ ಕಾಣುವುದಿಲ್ಲ.

ಬೆಲೆ ಇಳಿಯುವುದು ಹೇಗೆ?

ತಯಾರಕನು ಬೆಲೆಯನ್ನು ಇಳಿಸುವುದು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಭಾಗಗಳಲ್ಲಿ. ತಾಮ್ರದ ತಂತಿಯ ಬದಲು ತಾಮ್ರದ ಲೇಪವಿರುವ ಅಲ್ಯುಮಿನಿಯಮ್ ತಂತಿ, ತೆಳುವಾದ ಹೊದಿಕೆ, ಮೂರು ಕಡ್ಡಿಯ ಪ್ಲಗ್ಗಿನ ಬದಲು ಎರಡು ಕಡ್ಡಿಯ ಪ್ಲಗ್ಗು, ಇವು ಅದರ ಉಪಾಯಗಳು. 1500 ವ್ಯಾಟಿನ ರಾಡು 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಇದು ದೀಪ, ಫ್ಯಾನುಗಳ 6 ಆಂಪಿಯರ್ ಸಾಕೆಟ್ಟಿಗೆ ಮೀರಿದ ಹೊರೆ. ಇದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡರಷ್ಟಾದರೆ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ. ತೆಳುವಾದ ಎಕ್ಸ್‌ಟೆನ್ಷನ್ ತಂತಿ ಮೊದಲು ಬಿಸಿಯಾಗಿ, ಹೊದಿಕೆ ಮೆತ್ತಗಾಗಿ, ಕೊನೆಗೆ ಹೊತ್ತಿಕೊಳ್ಳುವುದು ಹೀಗೆ.

ರಾಡಿನ ಲೋಹದ ಕೊಳವೆಯೊಳಗೆ ಕಾಯುವ ಸುರುಳಿಯಿದ್ದು, ಅದರ ಸುತ್ತ ಮೆಗ್ನೀಸಿಯಮ್ ಆಕ್ಸೈಡಿನ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕೊಳವೆ ಕಳಪೆಯಾಗಿ ಸಣ್ಣ ರಂಧ್ರ ಬಿದ್ದರೂ ನೀರು ಒಳನುಗ್ಗಿ ವಿದ್ಯುತ್ತು ಬಕೆಟ್ಟಿನ ನೀರಿಗೆ ಇಳಿಯುತ್ತದೆ. ಮೂರನೆಯ ಕಡ್ಡಿಯ ಮೂಲಕ ಅರ್ಥಿಂಗ್ ಇದ್ದರೆ ಸೋರಿದ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ಆ ಕಡ್ಡಿ ಇಲ್ಲದಿದ್ದರೆ, ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವವನ ದೇಹವೇ ಅದಕ್ಕೆ ದಾರಿಯಾಗುತ್ತದೆ.

ದೇಹಕ್ಕೆ ಎಷ್ಟು ಸಾಕು?

ಒಂದು ಮಿಲಿಆಂಪಿಯರ್ ವಿದ್ಯುತ್ತು ಜುಮುಗುಟ್ಟಿಸುತ್ತದೆ. ಸುಮಾರು 10 ಮಿಲಿಆಂಪಿಯರಿಗೆ ಕೈಯ ಸ್ನಾಯುಗಳು ಬಿಗಿದು ಹಿಡಿದುದನ್ನು ಬಿಡಲಾಗುವುದಿಲ್ಲ. 30 ಮಿಲಿಆಂಪಿಯರನ್ನು ದಾಟಿ ಹರಿಯುತ್ತಲೇ ಇದ್ದರೆ ಉಸಿರಾಟಕ್ಕೂ ಹೃದಯದ ಬಡಿತಕ್ಕೂ ಅಪಾಯ. ಒದ್ದೆಯಾದ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ 230 ಮಿಲಿಆಂಪಿಯರ್ ಹರಿದೀತು. ಅದು ಪ್ರಾಣಾಂತಕ. ಆದರೂ ರಾಡು ಎಳೆಯುವ 6500 ಮಿಲಿಆಂಪಿಯರಿಗೆ ಹೋಲಿಸಿದರೆ ಇದು ಅತ್ಯಲ್ಪ. ಆದ್ದರಿಂದ ಸಾಮಾನ್ಯ ಫ್ಯೂಸು ಇದನ್ನು ಗುರುತಿಸುವುದೇ ಇಲ್ಲ. ಫ್ಯೂಸು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನ ಬೇಕು.

ಗುರುತು ಮತ್ತು ರಸೀದಿ

1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು, ಐ.ಎಸ್.ಐ. ಗುರುತು ಮಾತ್ರ ಉಳಿದುಬಂದಿತು. ಹೀಟರ್ ರಾಡಿಗೆ ಐ.ಎಸ್. 368, ಇಸ್ತ್ರಿ ಪೆಟ್ಟಿಗೆಗೆ ಐ.ಎಸ್. 366 ಎಂಬ ಮಾನಕಗಳಿವೆ. ಇಂಥ ವಸ್ತುಗಳಿಗೆ ಈ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರದ 2003ರ ಆದೇಶ ವಿಧಿಸಿತು. ಗುರುತನ್ನು ನಕಲು ಮಾಡುವವರೂ ಇರುವುದರಿಂದ, ಅದರ ಕೆಳಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ನೋಡಬೇಕು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆಯನ್ನು ಪರೀಕ್ಷಿಸಬಹುದು.

ಗ್ರಾಹಕರ ಹಕ್ಕಿನ ಚಳವಳಿಗೆ ಪುಣೆ ಹಳೆಯ ನೆಲೆ. ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತವನ್ನು 1974ರಲ್ಲಿ ಇಲ್ಲಿಯೇ ಆರಂಭಿಸಿದರು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನೂ ಮಾರಾಟಗಾರನನ್ನೂ ಹೊಣೆ ಮಾಡಲು ಅವಕಾಶ ನೀಡಿದೆ. ಆದರೆ ರಸೀದಿಯಿಲ್ಲದೆ ಕೊಂಡವನಿಗೆ ಖರೀದಿಯನ್ನು ಸಿದ್ಧಪಡಿಸುವುದೇ ಕಷ್ಟ.

ನೆನಪಿನಲ್ಲಿಡಬೇಕಾದ ಸಂಗತಿಗಳು

1. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ನಂತರವೇ ನೀರನ್ನು ಮುಟ್ಟಬೇಕು. ರಾಡು ನೀರಿನಲ್ಲಿ ಇಳಿದ ಮೇಲೆಯೇ ಸ್ವಿಚ್ಚು ಹಾಕಬೇಕು.

2. ಮೂರನೆಯ ಕಡ್ಡಿಯನ್ನು ಎಂದಿಗೂ ಮುರಿಯಬಾರದು. ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

3. ಪ್ಲಗ್ಗು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಸ್ವಲ್ಪ ಜುಮ್ಮೆನಿಸಿದರೂ ಆ ವಸ್ತುವನ್ನು ಬಳಸಬಾರದು.

4. ಯಾರಿಗಾದರೂ ವಿದ್ಯುತ್ತು ತಗುಲಿದರೆ ಮೊದಲು ಮೇನ್ ಸ್ವಿಚ್ಚು ಆರಿಸಬೇಕು. ಅದಾಗದಿದ್ದರೆ ಒಣ ನೆಲದ ಮೇಲೆ ನಿಂತು, ಒಣ ಮರದ ಕೋಲಿನಿಂದ ಬಿಡಿಸಬೇಕು, ಬರಿಗೈಯಿಂದ ಮುಟ್ಟಬಾರದು. ಕೂಡಲೆ 108 ಅಥವಾ 112ಕ್ಕೆ ಕರೆ ಮಾಡಿ, ಎಚ್ಚರವೂ ಸಹಜ ಉಸಿರಾಟವೂ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಚೇತರಿಸಿಕೊಂಡವರನ್ನೂ ವೈದ್ಯರಿಗೆ ತೋರಿಸಬೇಕು.

ಮಗನನ್ನೋ ಮಗಳನ್ನೋ ಪುಣೆಗೆ ಕಳುಹಿಸುವ ತಂದೆತಾಯಿಯರು ಹಾಸಿಗೆ, ಪಾತ್ರೆ, ಚಟ್ನಿಪುಡಿಗಳನ್ನು ಕಟ್ಟಿಕೊಡುತ್ತಾರೆ. ಅವುಗಳ ಜೊತೆಗೆ ಪ್ರಮಾಣಿತವಾದ ಒಂದು ರಾಡನ್ನೂ ಕೊಡಿಸಿದರೆ ಖರ್ಚು ಕೆಲವು ನೂರು ರೂಪಾಯಿ ಹೆಚ್ಚಾದೀತು, ಅಷ್ಟೆ. ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆಯನ್ನು ತಿಂಡಿಯ ವಿಷಯದಲ್ಲಿ ನಕ್ಕು ಮರೆಯಬಹುದು. ವಿದ್ಯುತ್ತಿನ ವಿಷಯದಲ್ಲಿ ಮರೆಯುವಂತಿಲ್ಲ.